ಬಿಟ್ಟುಹೋದ ಸಾಲಿಗೊಂದು ವಿಳಾಸ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಈ ಮನೆಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪಿನ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಅದರ ಮುಂದೆ ಕುಳಿತ ಹೆಂಗಸು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದಾರೆ. "ಮುಚ್ಚಳವನ್ನು ಎಡಕ್ಕೆ ತಿರುಗಿಸಿ, ಟಕ್ ಎಂದು ಸದ್ದು ಬರುವವರೆಗೆ... ಊಹೂಂ, ಇದಾಗಲ್ಲ." ಕೈ ಎತ್ತಿ, ಗಾಳಿಯಲ್ಲಿ ಇಲ್ಲದ ಮುಚ್ಚಳವೊಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಒಳಗಿನ ಕೋಣೆಯಿಂದ ಗಂಡ ನಿದ್ದೆಗಣ್ಣಿನಲ್ಲೇ ಕೂಗುತ್ತಾರೆ: "ಗೊಣಗಮ್ಮಾ, ಸ್ವಲ್ಪ ಸದ್ದಿಲ್ಲದೆ ತಿರುಗಿಸೇ."

ಗಂಡ ಹೀಗೆ ಅಡ್ಡಹೆಸರಿಟ್ಟು ಕರೆಯುವ ಗೊಣಗಮ್ಮ ಅನುವಾದಕಿ. ಯಾವ ಕಚೇರಿಗೂ ಸೇರಿದವರಲ್ಲ, ಅನುವಾದದ ಏಜೆನ್ಸಿಯೊಂದರಿಂದ ಬಂದ ಕೆಲಸ ಮನೆಯಲ್ಲೇ ಮಾಡಿಕೊಡುವವರು. ಮಿಕ್ಸಿ, ವಾಷಿಂಗ್ ಮಷೀನ್, ಬಿ.ಪಿ. ನೋಡುವ ಯಂತ್ರ ಕೊಂಡಾಗ ಡಬ್ಬದ ತಳದಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ನೀವೂ ನಾನೂ ಓದದೆ ಎಸೆಯುವಂಥದ್ದು, ಅದನ್ನು ನಮ್ಮ ಭಾಷೆಗೆ ತರುವುದು ಇವರ ಕಸುಬು. ಹನ್ನೊಂದು ವರ್ಷದಲ್ಲಿ ಮುನ್ನೂರ ನಲವತ್ತು ಪುಸ್ತಕ. ದಿನಕ್ಕೆ ಎರಡು ಸಾವಿರ ಪದ, ಕಣ್ಣುರಿ ಇದ್ದ ದಿನ ಸಾವಿರದೈನೂರು. ಪ್ರತಿ ಸಾಲನ್ನೂ ಬಾಯಿಬಿಟ್ಟು ಹೇಳಿ, ಕೈಯಲ್ಲಿ ಮಾಡಿ ನೋಡಿ, ಆಮೇಲೆ ಬರೆಯುತ್ತಾರೆ. ಒಂದು ಪುಸ್ತಕದ ಮೇಲೂ ಅವರ ಹೆಸರಿಲ್ಲ.

"ಹೆಸರು ಹಾಳಾಗ್ಲಿ ಬಿಡಿ. ನನಗಿರೋ ಹುಚ್ಚೇ ಬೇರೆ," ಎಂದು ನಗುತ್ತಾರೆ. "ಸಂಜೆ ಎದುರುಗಡೆ ಮನೆಗಳಲ್ಲಿ ಒಂದೊಂದೇ ದೀಪ ಹತ್ಕೊಳ್ಳುತ್ತಲ್ಲ, ಆಗ ಅಂದ್ಕೋತೀನಿ, ಯಾವ್ದೋ ಊರಲ್ಲಿ ಯಾರೋ ಈಗ ನನ್ನ ಸಾಲು ಓದ್ತಾ ಇದಾರೆ ಅಂತ. ಹಸಿರು ದೀಪ ಬರೋ ತನಕ ಕಾಯಿರಿ ಅಂತ ನಾನು ಬರ್ದಿದೀನಿ, ಅವ್ರು ಸುಮ್ನೆ ಕಾಯ್ತಾ ನಿಂತಿದಾರೆ. ಗುರುತಿಲ್ಲ, ಪರಿಚಯ ಇಲ್ಲ, ಆದ್ರೂ ನನ್ನ ಮಾತು ಕೇಳ್ತಾರೆ. ಇವ್ರು ಕೇಳಲ್ಲ ನೋಡಿ!" ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟು ನಿಂತ ಗಂಡ ಕೇಳಿಸದವರಂತೆ ಶೂ ಲೇಸು ಕಟ್ಟಿಕೊಳ್ಳುತ್ತಾರೆ.

ಇವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟದ್ದು ನಾದಿನಿ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವಾಕೆ. "ಅತ್ತಿಗೆ, ಏಜೆನ್ಸಿಯವ್ರನ್ನೇ ನಂಬ್ಕೊಂಡು ಎಷ್ಟು ದಿನ ಅಂತ ಇರ್ತೀರಿ? ನಿಮ್ದೂ ಅಂತ ಒಂದು ಜಾಗ ಇರ್ಲಿ," ಎಂದು ಹಟ ಹಿಡಿದು ಕೂರಿಸಿದರಂತೆ. ಎಲ್ಲ ಆಯಿತು, 'ನನ್ನ ಬಗ್ಗೆ' ಎಂಬ ಪುಟ ಮಾತ್ರ ಖಾಲಿ ಉಳಿಯಿತು. ಊರವರ ಮಾತನ್ನೆಲ್ಲ ಬರೆದ ಕೈ ತನ್ನ ಬಗ್ಗೆ ಬರೆಯಲು ಓಡಲಿಲ್ಲ. ಮೊದಲ ವರ್ಷ ಅಲ್ಲಿ ಒಂದು ನೊಣವೂ ಸುಳಿಯಲಿಲ್ಲ. "ದಿನಕ್ಕೆ ನಾಲ್ಕು ಜನ ನೋಡ್ತಿದ್ರು," ಎನ್ನುತ್ತಾರೆ ನಾದಿನಿ. "ಅತ್ತಿಗೆ, ಅಣ್ಣ, ನಾನು. ನಾಲ್ಕನೇದೂ ಅತ್ತಿಗೇನೇ, ಫೋನಿಂದ."

ಆಗ ಗೊಣಗಮ್ಮನ ಚಿಕ್ಕಮ್ಮ ಮೋಟಾರಿನ ಹೊಲಿಗೆ ಯಂತ್ರವೊಂದನ್ನು ಕೊಂಡರು. ನೋಡಲು ಹೋದ ಗೊಣಗಮ್ಮ ಡಬ್ಬದಿಂದ ಪುಸ್ತಕ ತೆಗೆದರೆ, ತಮ್ಮದೇ ಸಾಲುಗಳು! ಹಿಗ್ಗಿನಿಂದ ಓದುತ್ತಾ ಹೋದವರು ಹದಿನಾಲ್ಕನೇ ಪುಟಕ್ಕೆ ಬಂದು ನಿಂತುಬಿಟ್ಟರು. 'ಸೂಜಿ ಬದಲಿಸುವ ಮುನ್ನ ಪ್ಲಗ್ ತೆಗೆಯಿರಿ' ಎಂಬ ಸಾಲೇ ಇಲ್ಲ. ಯೋಚಿಸಿದರೆ ನೆನಪಾಯಿತು: ಅದನ್ನು ಅನುವಾದಿಸಿದ ವಾರ ಗಂಟಲು ಕಟ್ಟಿ ದನಿ ಹೊರಡುತ್ತಿರಲಿಲ್ಲ. ಗೊಣಗದೆ ಮಾಡಿದ ಒಂದೇ ಒಂದು ಪುಸ್ತಕ ಅದು.

ಏಜೆನ್ಸಿಗೆ ತಿಳಿಸಿದರು. ಮುಂದಿನ ಸಲ ಅಚ್ಚು ಹಾಕುವಾಗ ಸರಿಮಾಡೋಣ ಎಂಬ ಉತ್ತರ ಬಂತು. ಆದರೆ ಆಗಲೇ ಮನೆ ಸೇರಿದ ಯಂತ್ರಗಳ ಗತಿ? ಯಾರಿಗೆಂದು ಹೇಳುವುದು, ಎಲ್ಲಿ ಹೇಳುವುದು? ಆಗ ನೆನಪಾದದ್ದು ಆ ಖಾಲಿ ವೆಬ್‌ಸೈಟ್. ಯಂತ್ರದ ಹೆಸರು, ಪುಟದ ಸಂಖ್ಯೆ, ಬಿಟ್ಟುಹೋದ ಸಾಲು, ಕೊನೆಗೆ 'ಇದು ನನ್ನ ತಪ್ಪು' ಎಂದು ಬರೆದು ಹಾಕಿದರು. ಮೂರನೇ ದಿನ ಏಜೆನ್ಸಿಯ ಮ್ಯಾನೇಜರ್ ಫೋನ್ ಮಾಡಿದರು: "ಮೇಡಂ, ಅದನ್ನ ತೆಗೀರಿ. ಇಲ್ಲಾಂದ್ರೆ ಇನ್ಮೇಲೆ ನಿಮಗೆ ಕೆಲಸ ಕಳ್ಸೋಕಾಗಲ್ಲ." ಇವರ ಕೆಲಸವೆಲ್ಲ ಬರುತ್ತಿದ್ದುದು ಅಲ್ಲಿಂದಲೇ.

ಅಂದು ಸಂಜೆ ಗಂಡ ಅಂಗಡಿಯಿಂದ ಬಂದು ಆ ಪುಟ ಓದಿದರಂತೆ. ಆಮೇಲೆ ಕೇಳಿದರಂತೆ, "ಯಾರ್ದಾದ್ರೂ ಬೆರಳಿಗೆ ಸೂಜಿ ಹೊಕ್ರೆ ನಿನಗೆ ನಿದ್ದೆ ಬರುತ್ತಾ?"

"ಇಲ್ಲ."

"ಹಾಗಾದ್ರೆ ನನಗೂ ಬರಲ್ಲ, ನೀನು ಗೊಣಗ್ತಾನೇ ಇರ್ತೀಯ. ಇರ್ಲಿ ಬಿಡು ಆ ಪುಟ."

ಪುಟ ಉಳಿಯಿತು, ಕೆಲಸ ನಿಂತಿತು. ಐದು ತಿಂಗಳು ಬೆಳಗಿನ ಐದಕ್ಕೆ ಎದ್ದು, ಏನೂ ಬರೆಯದೆ ಕಿಟಕಿ ನೋಡುತ್ತಾ ಕೂರುತ್ತಿದ್ದರು. ಬೀದಿದೀಪಗಳು ಆರುತ್ತಿದ್ದವು, ಮೊದಲ ಬಸ್ಸು ಹೋಗುತ್ತಿತ್ತು. ಆ ಮೌನ ತಡೆಯಲಾಗದೆ ಗಂಡನೇ ಒಂದು ದಿನ ಎದ್ದು ಬಂದು ಪಕ್ಕದಲ್ಲಿ ಕುಳಿತರಂತೆ.

ಆರನೇ ತಿಂಗಳಲ್ಲಿ ವೆಬ್‌ಸೈಟಿಗೆ ಒಂದು ಪತ್ರ ಬಂತು. ಕಿವಿ ಮಂದವಾದವರಿಗೆ ಯಂತ್ರ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮಾಲೀಕರು ತಮ್ಮ ತಾಯಿಯ ಹೊಲಿಗೆ ಯಂತ್ರದ ಬಗ್ಗೆ ಹುಡುಕುತ್ತಾ ಆ ಪುಟ ಕಂಡು, ತಮ್ಮ ಯಂತ್ರದ ಪುಸ್ತಕವನ್ನು ಅನುವಾದಿಸಿಕೊಡಿ ಎಂದು ಕೇಳಿದ್ದರು. "ತಪ್ಪೇ ಮಾಡದೇ ಇರೋರು ಸಿಗ್ತಾರೆ ಅಂತ ನನಗೆ ನಂಬಿಕೆ ಇಲ್ಲ ಸ್ವಾಮಿ," ಎಂದು ಅವರು ಫೋನಿನಲ್ಲಿ ನನಗೆ ಹೇಳುತ್ತಾರೆ. "ಮಾಡಿದ್ರೆ ಬಾಯಿಬಿಟ್ಟು ಹೇಳೋರು ಸಿಕ್ಕಿದ್ರಲ್ಲ, ಸಾಕು." ಇಂದು ಬೆಳಿಗ್ಗೆ ಗಾಳಿಯಲ್ಲಿ ತಿರುಗುತ್ತಿದ್ದದ್ದು ಆ ಯಂತ್ರದ ಬ್ಯಾಟರಿ ಮುಚ್ಚಳ. ಕಿವಿ ಕೇಳದವರಿಗೆ 'ಸದ್ದು ಬರುವವರೆಗೆ' ಎಂದರೆ ಹೇಗೆ? 'ಬೆರಳಿಗೆ ತಡೆದಂತಾಗುವವರೆಗೆ' ಎಂದು ಬರೆಯಬಹುದೇ ಎಂದು ಕಾರ್ಖಾನೆಗೆ ಕೇಳಿದ್ದಾರೆ.

ಹಾಗಾದರೆ ಅನುವಾದಕರಿಗೆ ಸ್ವಂತ ವೆಬ್‌ಸೈಟ್ ಇದ್ದರೆ ಲಾಭವೇ? "ಎಲ್ರಿಗೂ ಆಗುತ್ತೆ ಅಂತ ನಾನು ಹೇಳಲ್ಲ. ನನಗೆ ಈಗ್ಲೂ ಮೊದಲಿನ ಅರ್ಧದಷ್ಟೇ ಕೆಲಸ. ಆದ್ರೆ ತಪ್ಪಾಯ್ತು ಅನ್ನೋಕೂ ನಮ್ದೇ ಒಂದು ಬಾಗ್ಲು ಬೇಕಲ್ವಾ?"

'ನನ್ನ ಬಗ್ಗೆ' ಪುಟ ಈಗ ಖಾಲಿ ಇಲ್ಲ. ಅಲ್ಲಿ ಅವರ ಫೋಟೋ ಇಲ್ಲ, ಗುರುತಿಲ್ಲದ ಯಾವುದೋ ಊರಿನ ದರ್ಜಿ ಹೆಂಗಸು ಕಳಿಸಿದ ಒಂದು ಚಿತ್ರವಿದೆ. ಎಣ್ಣೆಕಲೆಯಾದ ಹದಿನಾಲ್ಕನೇ ಪುಟ, ಅದರ ಅಂಚಿನಲ್ಲಿ ನೀಲಿ ಪೆನ್ನಿನ ಸೊಟ್ಟ ಅಕ್ಷರ: 'ಸೂಜಿ ಬದಲಿಸುವ ಮುನ್ನ ಪ್ಲಗ್ ತೆಗೆಯಿರಿ.' ಜೊತೆಗೆ ಎರಡೇ ಮಾತು: 'ಬರ್ಕೊಂಡೆ ಅಕ್ಕ.'

ಗೊಣಗಮ್ಮ ಪರದೆಯ ಮೇಲೆ ಆ ಅಕ್ಷರಗಳನ್ನು ಬೆರಳಿಂದ ಮುಟ್ಟುತ್ತಾರೆ. "ಮುನ್ನೂರ ನಲವತ್ತು ಪುಸ್ತಕದಲ್ಲಿ ಅಚ್ಚಾಗಿದ್ದೆಲ್ಲ ಕಂಪನಿಯವ್ರದು," ಎನ್ನುತ್ತಾರೆ. "ಇದೊಂದು ಸಾಲು ನಂದು."