ಗುಡ್ಡಮ್ಮ ಸಾಕ್ಷಿ ಹೇಳಿದ್ದು

ಐವತ್ತೇಳನೇ ಇಸವಿಯ ಜೂನ್ ತಿಂಗಳು, ಶಾಲೆ ಶುರುವಾಗುವ ಸೋಮವಾರ. ಗುಡ್ಡಮ್ಮ ಗಂಟೆ ಹೊಡೆದಳು, ಮತ್ತೆ ಹೊಡೆದಳು, ಕೈ ಸೋತು ಬರುವವರೆಗೂ ಹೊಡೆದಳು. ಒಂದು ಮಗುವೂ ಬರಲಿಲ್ಲ.

ಕ್ಯಾಸನೂರಿಗೆ ಎರಡು ಹರದಾರಿ ಈಚೆ, ಕಾಡು ಮುಗಿದು ಗದ್ದೆ ಶುರುವಾಗುವ ಕಡೆ ಇದ್ದ ಎರಡು ಕೋಣೆಯ ಶಾಲೆ ಅದು. ಮರದ ಡಿಪೋಗೆ ಕೂಲಿಗೆಂದು ಬಂದ ನಾಲ್ಕು ಕ್ರೈಸ್ತರ ಮನೆಗಳಿಗಾಗಿ ಮೊದಲು ಇಗರ್ಜಿ ಕಟ್ಟಿದರು, ಅದರ ಬೆನ್ನಿಗೆ ಶಾಲೆ ಬಂತು. ಡಿಪೋ ಎತ್ತಿದ ಮೇಲೆ ಆ ಮನೆಗಳವರು ಹೋದರು, ಶಾಲೆ ಉಳಿಯಿತು. ಯೇಸುಸ್ವಾಮಿಯ ಪಟದ ಕೆಳಗೆ ಕೂತು ಮಗ್ಗಿ ಹೇಳಿದರೆ ಜಾತಿ ಕೆಡುತ್ತದೋ ಇಲ್ಲವೋ ಎಂದು ಊರವರು ಒಂದು ವರ್ಷ ಚರ್ಚೆ ಮಾಡಿದರು. ಮಧ್ಯಾಹ್ನ ಪುಡಿಹಾಲು ಕೊಡುತ್ತಾರೆಂದು ಗೊತ್ತಾದ ದಿನ ಚರ್ಚೆ ತನ್ನಷ್ಟಕ್ಕೇ ನಿಂತಿತು. ನಮ್ಮ ಜನವೇ ಹಾಗೆ, ಹೊಟ್ಟೆಗೆ ಬಿದ್ದರೆ ಜಾತಿಯೂ ಸ್ವಲ್ಪ ಆಚೀಚೆ ಸರಿದು ಕೂರುತ್ತದೆ.

ಶಾಲೆ ನಡೆಸುತ್ತಿದ್ದವರು ಮಂಗಳೂರು ಕಡೆಯ ಸನ್ಯಾಸಿನಿ, ಸಿಸ್ಟರ್ ಲಿಯೊಕಾದಿಯಾ. ಆ ಹೆಸರು ಯಾರ ನಾಲಿಗೆಗೂ ಬಗ್ಗದೆ ಊರಲ್ಲಿ ಲೋಕಮ್ಮ ಆದರು. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕಜ್ಜಿ ಹಿಡಿದ ಮಕ್ಕಳ ಕಾಲನ್ನು ಬಿಸಿನೀರು ಕಾಯಿಸಿ ತಾವೇ ತೊಳೆಯುತ್ತಿದ್ದರು. ಹೆತ್ತ ತಾಯಂದಿರೇ ಮೂಗು ಮುಚ್ಚಿಕೊಳ್ಳುತ್ತಿದ್ದ ಕಾಲುಗಳು ಅವು.

ಗುಡ್ಡಮ್ಮ ಹುಟ್ಟಿದ್ದು ಶಿಕಾರಿಪುರದ ಕಡೆ ತಾಳಗುಂದದಲ್ಲಿ. ಹನ್ನೆರಡಕ್ಕೆ ಈ ಊರಿಗೆ ಸೊಸೆಯಾಗಿ ಬಂದಳು, ಇಪ್ಪತ್ತಾರಕ್ಕೆ ಗಂಡ ಸತ್ತ. ಮೈದುನಂದಿರು ಜಮೀನು ಹಂಚಿಕೊಂಡು ಅವಳಿಗೆ ಕೊಟ್ಟಿಗೆಯ ಮೂಲೆ ಕೊಟ್ಟರು. ದನ ಒಂದು ಕಡೆ, ಅತ್ತಿಗೆ ಒಂದು ಕಡೆ. ಅಲ್ಲಿಂದ ಅವಳನ್ನು ಎಬ್ಬಿಸಿ ತಂದು ಶಾಲೆಯ ಹಿಂದಿನ ಕೋಣೆ, ಒಂದು ಪೊರಕೆ, ಒಂದು ಗಂಟೆ ಕೊಟ್ಟವರು ಲೋಕಮ್ಮ. ನಲವತ್ತು ದಾಟಿದ ಮೇಲೆ ಒಂದನೇ ತರಗತಿಯ ಮಕ್ಕಳ ಹಿಂದೆ ಗೋಡೆಗೆ ಒರಗಿ ಕೂರಿಸಿ, ಸ್ಲೇಟು ಕೈಗಿಟ್ಟು, ಅವಳ ಹೆಸರನ್ನು ಅವಳಿಂದಲೇ ಬರೆಸಿದರು. "ಇಷ್ಟು ದಿನ ಹೆಬ್ಬೆಟ್ಟು ಒತ್ತಿದ್ದು ಸಾಕು ಮಾರಾಯ್ತಿ, ನೀನೇನು ದನವಾ?" ಎಂದು ಬೈದರು. ಬೈಸಿಕೊಂಡ ಗುಡ್ಡಮ್ಮ ಅವತ್ತು ಸಂಭ್ರಮಕ್ಕೆ ಅತ್ತಿದ್ದಳು.

ಅಂಥ ಶಾಲೆಗೆ ಈಗ ಯಾರೂ ಬರುತ್ತಿಲ್ಲ. ಯಾಕೆಂದರೆ ರಾಧಮ್ಮನ ಮಗ ಹುಲಿಯಪ್ಪ ಮಾರ್ಚಿನಲ್ಲಿ ಸತ್ತುಹೋಗಿದ್ದ.

ನಾಲ್ಕನೇ ತರಗತಿಯ ಹುಡುಗ. ಶಾಲೆಯಲ್ಲಿ ಕೂತಿದ್ದಾಗಲೇ ಮೈ ಕೆಂಡವಾಯಿತು. ಲೋಕಮ್ಮ ಒಂದು ಬಿಳಿ ಗುಳಿಗೆ ನುಂಗಿಸಿ, ಹಣೆಯ ಮೇಲೆ ಕೈಯಿಟ್ಟು ಏನೋ ಪ್ರಾರ್ಥನೆ ಹೇಳಿ ಮನೆಗೆ ಕಳಿಸಿದರು. ನಾಲ್ಕನೇ ದಿನ ಹುಡುಗನ ಒಸಡಿನಲ್ಲಿ ರಕ್ತ ಬಂತು. ಎಂಟನೇ ದಿನ ಮಣ್ಣು ಮಾಡಿದರು. ಆ ವರ್ಷ ಕಾಡಿನಲ್ಲಿ ಮಂಗಗಳು ಪಟಪಟನೆ ಉದುರಿ ಸಾಯುತ್ತಿದ್ದವು, ಸೌದೆಗೆ ಹೋದವರೂ ಹೀಗೇ ರಕ್ತ ಕಾರಿ ಸತ್ತಿದ್ದರು. ಪೂನಾದಿಂದ ಡಾಕ್ಟರುಗಳು ಜೀಪಿನಲ್ಲಿ ಬಂದು, ಸತ್ತ ಮಂಗ ಮುಟ್ಟಬೇಡಿ, ಅದರ ಮೈಮೇಲಿನ ಉಣ್ಣಿ ಕಚ್ಚಿದರೆ ಈ ಜ್ವರ ಬರುತ್ತದೆ ಎಂದು ಹೇಳಿ ಹೋದರು. ಜೀಪಿನ ಧೂಳು ಅಡಗುವುದರೊಳಗೆ ಊರು ಅದನ್ನು ಮರೆಯಿತು. ಕಣ್ಣಿಗೆ ಕಾಣದ ಉಣ್ಣಿಯ ಮಾತು ಯಾರಿಗೆ ಬೇಕು? ಗುಳಿಗೆಯನ್ನು ಇಡೀ ಶಾಲೆಯ ಮಕ್ಕಳೇ ಕಂಡಿದ್ದರು. ಲೋಕಮ್ಮ ಮಂತ್ರ ಹಾಕಿ ಮದ್ದಿಟ್ಟು ಹುಡುಗನನ್ನು ತಿಂದಳು ಎಂದಾಯಿತು.

ಸತ್ಯ ಏನೆಂಬುದು ಗುಡ್ಡಮ್ಮನಿಗೆ ಗೊತ್ತಿತ್ತು. ಮೂರು ತಿಂಗಳಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ ಇಳಿಯದೆ ಒಣಗಿದ್ದಳು.

ಹುಡುಗನಿಗೆ ಜ್ವರ ಬರುವುದಕ್ಕೆ ಆರು ದಿನ ಮುಂಚೆ ಲೋಕಮ್ಮನೂ ಶಾಲೆಯ ಇನ್ನೊಬ್ಬ ಮೇಷ್ಟ್ರು ಮಹೇಶ್ವರಪ್ಪನೂ ಕಾಗದಪತ್ರಕ್ಕೆಂದು ಸೊರಬಕ್ಕೆ ಹೋಗಿದ್ದರು. ಮಕ್ಕಳನ್ನು ಬೇಗ ಬಿಟ್ಟಾಗಿತ್ತು. ಹಿತ್ತಿಲಿನ ಹಲಸಿನ ಮರದ ಕೆಳಗೆ ಒಂದು ದೊಡ್ಡ ಮಂಗ ಸತ್ತು ಬಿದ್ದಿತ್ತು. ಪೂನಾದವರು ಇನ್ನೂ ಬಂದಿರಲಿಲ್ಲ, ಏನೂ ಹೇಳಿರಲಿಲ್ಲ. ಈ ಸೀಮೆಯಲ್ಲಿ ಮಂಗ ಸತ್ತರೆ ಹನುಮಪ್ಪನೇ ದೇಹ ಬಿಟ್ಟ ಹಾಗೆ. ಮನುಷ್ಯರಂತೆ ಮೈ ತೊಳೆದು, ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ ಮಣ್ಣು ಮಾಡುವುದು ಪದ್ಧತಿ. ನಾಯಿ ಪಾಲು ಮಾಡಿದವರು ಉದ್ಧಾರವಾಗುವುದಿಲ್ಲ. ಆದರೆ ಗುಡ್ಡಮ್ಮ ವಿಧವೆ. ಮುಂಡೆ ಕೈಯಿಂದ ದೇವರ ಹಣೆಗೆ ಕುಂಕುಮ ಬೀಳಬಾರದು. ಅದಕ್ಕೆ ಗೇಟಿನ ಬಳಿ ಗೋಲಿಯಾಡುತ್ತಿದ್ದ ಹುಲಿಯಪ್ಪನನ್ನು ಕರೆದಳು. ಅವನೇ ಓಡಿಹೋಗಿ ಎಲ್ಲಿಂದಲೋ ಕುಂಕುಮ, ಕಾಯಿ, ಹೊದಿಸಲು ಕೆಂಪು ಬಟ್ಟೆ ತಂದ. ಅವನೇ ಆ ಮಂಗನ ಮೈ ತೊಳೆದ. ಅವನೇ ತೊಡೆಯ ಮೇಲೆ ಮಲಗಿಸಿಕೊಂಡು ಹಣೆಗೆ ಕುಂಕುಮ ಇಟ್ಟ. ಗುಡ್ಡಮ್ಮ ದೂರ ನಿಂತು ಗುಂಡಿ ತೋಡಿದಳು, ಮುಟ್ಟಲಿಲ್ಲ. ಎಲ್ಲ ಮುಗಿದ ಮೇಲೆ, "ಲೋಕಮ್ಮಂಗೆ ಹೇಳಬ್ಯಾಡಪ್ಪ, ಮೂಢನಂಬಿಕೆ ಅಂತ ನಂಗೆ ಬೈತಾರೆ" ಎಂದಳು. ಹುಡುಗ ಹೇಳಲಿಲ್ಲ. ಗುಡ್ಡಮ್ಮನಿಗೆ ಒಂದು ಸೀನೂ ಬರಲಿಲ್ಲ.

ಅಯ್ಯೋ ದೇವರೇ, ಭಕ್ತಿಗೆ ಇಂಥ ಕೂಲಿಯೂ ಉಂಟೇ!

ಸೋಮವಾರ ಮಧ್ಯಾಹ್ನ ಪಟೇಲ ವೀರಬಸಪ್ಪ ಶಾಲೆಯ ಬೇಲಿಯವರೆಗೆ ಬಂದ, ಒಳಗೆ ಕಾಲಿಡಲಿಲ್ಲ. ಗುಡ್ಡಮ್ಮನನ್ನು ಅಲ್ಲಿಗೇ ಕರೆದ.

"ಲೋಕಮ್ಮನ ಮೇಲೆ ಅರ್ಜಿ ತಯಾರಾಗ್ಯದೆ ಗುಡ್ಡಮ್ಮ. ಬುಧವಾರ ಕಟ್ಟೆ ಮೇಲೆ ಎಲ್ರೂ ಹೆಬ್ಬೆಟ್ಟು ಒತ್ತೋದು, ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ಅಮಲ್ದಾರ್ರ ಹತ್ರ ಕಳ್ಸೋದು. ಪೊಲೀಸ್ರು ಬಂದು ಅವಳನ್ನ ಎಳ್ಕೊಂಡು ಹೋಗ್ಲಿ. ಗುಳಿಗೆ ಕೊಟ್ಟಿದ್ದು ನೀನು ಕಣ್ಣಾರೆ ಕಂಡವಳು, ಅಲ್ದನಾ?"

"ಕಂಡೀನಿ ಗೌಡ್ರೇ."

"ಹಂಗಾರೆ ಸಾಕ್ಷಿ ಅಂತ ನೀನು ಸಹಿ ಹಾಕು. ನಿಂಗೆ ಬರೆಯಾಕೆ ಬತ್ತದಂತಲ್ಲ. ಹೆಬ್ಬೆಟ್ಟಿಗಿಂತ ಸಹಿ ಗಟ್ಟಿ."

ಆ ಸಹಿ ಕಲಿಸಿದವರು ಯಾರೆಂದು ಕೇಳಬೇಕೆಂದು ಅವಳ ನಾಲಿಗೆ ತುದಿಗೆ ಬಂತು. ಕೇಳಲಿಲ್ಲ. ಹಾಕದಿದ್ದರೆ ಏನಾಗುತ್ತದೆಂದು ಪಟೇಲ ಹೇಳಲೂ ಇಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಒಳಗೆ ಲೋಕಮ್ಮ ಖಾಲಿ ತರಗತಿಯಲ್ಲಿ ಹೊಸ ಹಾಜರಿ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದರು. ಕಣ್ಣು ಕೆಂಪಾಗಿತ್ತು. "ಗುಡ್ಡಮ್ಮ, ನೀನು ಸತ್ಯ ಹೇಳಬೇಕು," ಎಂದರು. "ನನ್ನಿಂದಲೇ ಆ ಮಗು ಹೋಯಿತಾ? ಆ ಡಬ್ಬಿ ನಾನು ನೂರು ಸಲ ನೋಡಿದೆ. ಜ್ವರದ ಗುಳಿಗೆಯೇ. ಆದರೂ ಎಲ್ಲರೂ ಹೇಳುವಾಗ ನನಗೂ ಸಂಶಯ ಬರುತ್ತದೆ. ಪ್ರಾರ್ಥನೆಗೆ ಕೂತರೆ ಆ ಮಗುವಿನ ಮುಖವೇ ಬರುವುದು."

ಬೈಯುವ ಲೋಕಮ್ಮನನ್ನು ತಡೆದುಕೊಳ್ಳಬಹುದಿತ್ತು, ಹೀಗೆ ಕೇಳುವ ಲೋಕಮ್ಮನನ್ನು ತಡೆದುಕೊಳ್ಳಲು ಗುಡ್ಡಮ್ಮನಿಂದ ಆಗಲಿಲ್ಲ. "ನಿಮ್ಮಿಂದ ಅಲ್ರೀ ಅಮ್ಮಾರೇ, ನಿಮ್ಮಿಂದ ಅಲ್ಲ" ಎಂದು ಹೊರಗೆ ಓಡಿದಳು. ಮೊದಲು ಹೇಳಬೇಕಾದ್ದು ಹೆತ್ತವಳಿಗೆ ಎಂದು ಅವಳಿಗೆ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ರಾಧಮ್ಮನ ಮನೆಗೆ ಹೋದಳು. ಗಂಡ ಚೌಡಪ್ಪ ಗದ್ದೆಗೆ ಹೋಗಿದ್ದ. ಶಾಲೆಗೆ ಸೇರುವ ವಯಸ್ಸಿನ ಮಗಳು ಹುಚ್ಚಮ್ಮ ಜಗುಲಿಯಲ್ಲಿ ಅಣ್ಣನ ಹಳೆ ಸ್ಲೇಟಿನ ಮೇಲೆ ಗೀಚುತ್ತಿದ್ದಳು. ರಾಧಮ್ಮ ಅಕ್ಕಿ ಆರಿಸುತ್ತಿದ್ದಳು. ಗುಡ್ಡಮ್ಮ ಕೂರಲಿಲ್ಲ, ಕಂಬ ಹಿಡಿದು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮಂಗನ ಮಾತು, ಮೈ ತೊಳೆಸಿದ ಮಾತು, ಲೋಕಮ್ಮನಿಗೆ ಹೇಳಬೇಡ ಎಂದ ಮಾತು. "ನಿನ್ನ ಮಗನ್ನ ಕೊಂದವಳು ನಾನು ಕಣವ್ವ. ನನ್ನ ಕಡಿ, ಕೊಲ್ಲು, ಆ ತಾಯೀನ ಬಿಡು."

ರಾಧಮ್ಮ ತಲೆ ಎತ್ತಲಿಲ್ಲ. ಮೊರದಲ್ಲಿ ಅವಳ ಬೆರಳು ಆಡುತ್ತಲೇ ಇತ್ತು, ಕಲ್ಲನ್ನೂ ಅಕ್ಕಿಯನ್ನೂ ಒಂದೇ ಕಡೆ ಹಾಕುತ್ತಿದ್ದಳು.

"ನಂಗೆ ಗೊತ್ತು," ಎಂದಳು.

ಗುಡ್ಡಮ್ಮನಿಗೆ ಅರ್ಥವಾಗಲಿಲ್ಲ.

"ಕುಂಕುಮ ಎಲ್ಲಿಂದ ಬಂತು ಅಂದ್ಕಂಡೆ? ಹೊದಿಸಾಕೆ ಕೆಂಪು ಕಣದ ಬಟ್ಟೆ ಎಲ್ಲಿಂದ ಬಂತು? ತೆಂಗಿನಕಾಯಿ ಹಲಸಿನ ಮರದಿಂದ ಉದುರ್ತನಾ? ಮನೆಗೆ ಓಡ್ಬಂದು ಕೇಳ್ದ. ನಾನೇ ಕೊಟ್ಟೆ. ಕೊಟ್ಟಿದ್ದು ಅಲ್ದೆ ಹೇಳ್ದೆ, ಮಗಾ, ನೆಲದ ಮೇಲೆ ಹಾಕ್ಬೇಡ, ತೊಡೆ ಮೇಲೆ ಮಲಗ್ಸ್ಕಂಡು ಕುಂಕುಮ ಇಡು, ಹನುಮಪ್ಪ ನಿಂಗೆ ವಿದ್ಯೆ ಕೊಡ್ತಾನೆ ಅಂತ." ಇಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಇಲ್ಲಿ ಮುರಿಯಿತು. "ಆ ಜೀಪಿನವ್ರು ಉಣ್ಣಿ ಮಾತು ಹೇಳ್ದಾಗ ನಂಗೆ ಗೊತ್ತಾತು. ತೊಡೆ ಮೇಲೆ ಅಂದವಳು ನಾನು. ನೀ ಅಂದಿದ್ದಲ್ಲ, ನಾ ಅಂದಿದ್ದು."

ರಾಧಮ್ಮ ಮೊರ ಬದಿಗಿಟ್ಟು ಎದ್ದು ಬಂದು ಗುಡ್ಡಮ್ಮನ ಎರಡೂ ಕೈ ಹಿಡಿದಳು.

"ಯಾರಿಗೂ ಹೇಳ್ಬೇಡ ಮಾರಾಯ್ತಿ. ನಮ್ಮೆಜಮಾನ್ರಿಗೆ ಗೊತ್ತಾದ್ರೆ ನನ್ನ ಈ ಮನೇಲಿ ಇಟ್ಕಳದಿಲ್ಲ. ಅತ್ತೆ ನನ್ನನ್ನೇ ಮಗನ್ನ ತಿಂದೋಳು ಅಂತಾರೆ. ಈ ಹೆಣ್ಣನ್ನ ಯಾರು ಸಾಕ್ತಾರೆ? ಲೋಕಮ್ಮಂಗೆ ಎಂತ, ಗಂಡನಾ ಮಕ್ಕಳಾ? ಬೇರೆ ಊರಿಗೆ ಕಳ್ಸ್ತಾರೆ, ಹೋಗ್ತಾಳೆ. ನಾವು ಇಲ್ಲೇ ಬಾಳ್ಬೇಕಲ್ಲ."

ಮಾತು ಸುಳ್ಳಲ್ಲ. ಅದೇ ಅದರ ಕಷ್ಟ. ಗುಡ್ಡಮ್ಮ ಕೈ ಬಿಡಿಸಿಕೊಂಡು ಜಗುಲಿ ಇಳಿದು ಬಂದಳು.

ಬುಧವಾರ ಕಟ್ಟೆಯ ಮೇಲೆ ಊರೇ ಸೇರಿತ್ತು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಾಳೆಯ ತುಂಬ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಚೌಡಪ್ಪ ಮೊದಲು ಒತ್ತಿದ್ದ. ಪಟೇಲ ಪೆನ್ನು ಗುಡ್ಡಮ್ಮನ ಕೈಗೆ ಕೊಟ್ಟು, "ಬರಿ" ಎಂದ.

ಗುಡ್ಡಮ್ಮ ಪೆನ್ನನ್ನು ಕಟ್ಟೆಯ ಮೇಲಿಟ್ಟಳು.

"ಗುಳಿಗೆಯಿಂದ ಅಲ್ರೀ ಗೌಡ್ರೇ. ಹುಲಿಯಪ್ಪನ ಕೈಲಿ ಸತ್ತ ಮಂಗನ ಮೈ ತೊಳ್ಸಿದವಳು ನಾನು. ಮುಂಡೆ ಮುಟ್ಟಬಾರದು ಅಂತ ಅವನ ಕೈಲಿ ಮಾಡಿಸ್ದೆ. ಲೋಕಮ್ಮ ಅವತ್ತು ಊರಲ್ಲಿ ಇರ್ಲಿಲ್ಲ. ಅವರಿಗೆ ಏನೂ ಗೊತ್ತಿಲ್ಲ."

ಮೊದಲು ಬಾಯಿ ತೆರೆದವನು ಚೌಡಪ್ಪ. ಅವನು ಕೂಗಲಿಲ್ಲ, ಲೆಕ್ಕ ಸರಿಹೋಗದವನಂತೆ ಕೇಳಿದ: "ಪೂಜೆ ಮಾಡಿದ್ರೆ ಕುಂಕುಮ ಬೇಕು, ಕಾಯಿ ಬೇಕು. ಅದನ್ನ ಯಾರು ಕೊಟ್ರು?"

ಗುಡ್ಡಮ್ಮ ಹೆಂಗಸರ ಕಡೆ ನೋಡಲಿಲ್ಲ. ನೋಡಿದ್ದರೆ ಕಣ್ಣು ಎಲ್ಲಿ ನಿಲ್ಲುತ್ತಿತ್ತೋ ಎಂದು ಅವಳಿಗೇ ಭಯ.

"ನಾನೇ ಅಂಗಡಿಯಿಂದ ತಂದಿದ್ದೆ. ತೊಡೆ ಮೇಲೆ ಮಲಗ್ಸಿಕೋ ಅಂದೋಳೂ ನಾನೇ."

ಆಗ ಊರೆಲ್ಲ ರಾಧಮ್ಮನ ಕಡೆ ತಿರುಗಿತು. ಮಗನನ್ನು ಕಳೆದುಕೊಂಡವಳು ಈಗ ಏನು ಮಾಡುತ್ತಾಳೆ ಎಂದು ನೋಡಬೇಕಲ್ಲ! ರಾಧಮ್ಮ ಎದ್ದಳು. ಗಂಡ ನೋಡುತ್ತಿದ್ದ, ಅತ್ತೆ ನೋಡುತ್ತಿದ್ದಳು. ನಡೆದು ಬಂದು ಗುಡ್ಡಮ್ಮನ ತಲೆಗೂದಲಿಗೆ ಕೈ ಹಾಕಿ ನೆಲಕ್ಕೆ ಕೆಡವಿದಳು. "ನನ್ನ ಮಗನ್ನ ತಿಂದ್ಯಲ್ಲೇ ಮುಂಡೆ! ನಿನ್ನ ವಂಶ ಹಾಳಾಗಾ! ಹಡೀದ ಹೊಟ್ಟೆಯೋಳಿಗೆ ಹಡೆದ ಹೊಟ್ಟೆ ಉರಿ ಏನು ಗೊತ್ತೇ?" ಎಂದು ಹೊಡೆದಳು. ಕೈ ಸೋತ ಮೇಲೆ ಮಣ್ಣು ಬಾಚಿ ತೂರಿದಳು. ಆ ಏಟುಗಳಲ್ಲಿ ಒಂದೂ ನಟನೆಯದ್ದಲ್ಲ. ಅಷ್ಟೂ ಹೊಡೆತ ಯಾರಿಗೆ ಬೀಳುತ್ತಿದೆ ಎಂಬುದು ಹೊಡೆಯುವವಳಿಗೂ ಹೊಡೆಸಿಕೊಳ್ಳುವವಳಿಗೂ ಮಾತ್ರ ಗೊತ್ತಿತ್ತು. ಗುಡ್ಡಮ್ಮ ಮುಖ ಮುಚ್ಚಿಕೊಳ್ಳಲಿಲ್ಲ.

ಪಟೇಲ ಅರ್ಜಿ ಹರಿದ. ನಾಳೆಯಿಂದ ಮಕ್ಕಳನ್ನು ಶಾಲೆಗೆ ಕಳಿಸುವುದು, ಗುಡ್ಡಮ್ಮ ಮಾತ್ರ ಶಾಲೆಯಲ್ಲೂ ಇರಕೂಡದು, ಊರಲ್ಲೂ ಇರಕೂಡದು ಎಂದು ತೀರ್ಮಾನವಾಯಿತು. ಎರಡು ಮಾತಿನಲ್ಲಿ ಮುಗಿಯಿತು, ಹದಿನೈದು ವರ್ಷ ಆ ಊರಿನ ಮಕ್ಕಳ ಸಿಂಬಳ ಒರೆಸಿದವಳ ಕಥೆ.

ಸುದ್ದಿ ಕೇಳಿದ ಲೋಕಮ್ಮ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಗುಡ್ಡಮ್ಮ ಎರಡು ಸೀರೆ ಗಂಟು ಕಟ್ಟುತ್ತಿದ್ದಳು.

"ಜ್ವರ ಬಂದ ದಿನವಾದರೂ ನನಗೆ ಹೇಳಬಾರದಿತ್ತಾ? ಸಾಗರದ ಆಸ್ಪತ್ರೆಗೆ ನಾನೇ ಎತ್ತಿಕೊಂಡು ಓಡುತ್ತಿದ್ದೆನಲ್ಲ. ಯಾಕೆ ಹೇಳಲಿಲ್ಲ?"

"ನೀವು ಬೈತೀರಿ ಅಂತ," ಎಂದಳು ಗುಡ್ಡಮ್ಮ.

ಲೋಕಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟರು.

ಗುರುವಾರ ಬೆಳಿಗ್ಗೆ ಗುಡ್ಡಮ್ಮ ಶಿಕಾರಿಪುರದ ಬಸ್ಸು ಹಿಡಿಯಲು ಗದ್ದೆಯ ಬದುವಿನ ಮೇಲೆ ಹೊರಟಳು. ತಾಳಗುಂದದಲ್ಲಿ ತಮ್ಮನಿದ್ದಾನೆ, ಒಳಗೆ ಬಾ ಎನ್ನುತ್ತಾನೋ ಇಲ್ಲವೋ ಗೊತ್ತಿಲ್ಲ. ಎದುರಿನಿಂದ ಮಕ್ಕಳು ಎರಡು ಮೂರಾಗಿ ಶಾಲೆಯ ಕಡೆ ಬರುತ್ತಿದ್ದರು. ಅವಳನ್ನು ಕಂಡು ಗದ್ದೆಗೆ ಇಳಿದು ದೂರದಿಂದ ಸುತ್ತಿ ಹೋದರು. ಕೊನೆಗೆ ರಾಧಮ್ಮ ಬಂದಳು, ಎಣ್ಣೆ ಹಚ್ಚಿ ತಲೆ ಬಾಚಿದ ಹುಚ್ಚಮ್ಮನ ಕೈ ಹಿಡಿದುಕೊಂಡು. ಬದು ಕಿರಿದು, ಇಬ್ಬರು ಹೋಗುವಷ್ಟು ಜಾಗವಿಲ್ಲ. ರಾಧಮ್ಮ ಮಗಳನ್ನು ಎಳೆದುಕೊಂಡು ಕೆಸರಿಗೆ ಇಳಿದು, ಬೇರೆ ಕಡೆ ಮುಖ ಮಾಡಿ ನಿಂತಳು.

"ಅವ್ವಾ, ಗುಡ್ಡಮ್ಮ ಎಲ್ಲಿಗೆ ಹೋಗ್ತಾಳೆ?" ಎಂದಿತು ಹುಡುಗಿ.

ಗುಡ್ಡಮ್ಮನ ಕಾಲು ನಿಂತಿತು. ಒಂದೇ ಒಂದು ಮಾತಿಗೆ ಕಾದಳು, ಬೈಗುಳವಾದರೂ ಆಗಲಿ ಎಂದು.

ರಾಧಮ್ಮ ಮಗಳ ಕೈ ಜಗ್ಗಿದಳು. "ಅತ್ತ ನೋಡ್ಬೇಡ. ನಡಿ, ಸಾಲಿಗೆ ಹೊತ್ತಾತು."