ಹಸಿ ಬಾಣಂತಿ

ಹೆರಿಗೆಯಾದ ಮನೆಗೆ ಹೋಗಿ ತಾಯಿ-ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ನರಸಮ್ಮನ ಕೆಲಸ. ದೊಡ್ಡಬೆಳವಂಗಲದ ಸುತ್ತಮುತ್ತ ಅವಳ ಕಾಲ ಮೇಲೆ ಮಲಗಿ, ಅತ್ತು ಊರೆಬ್ಬಿಸದೆ ದೊಡ್ಡವರಾದವರು ಕಡಿಮೆ. ಬಾಯಿ ಜೋರು, ಕೈ ಮೆತ್ತಗೆ. ಕರೆದ ಮನೆಗೆಲ್ಲ ಹೋಗುತ್ತಾಳೆ, ಜಾತಿ ಕೇಳುವುದಿಲ್ಲ; ಅವಳ ಜಾತಿ ನೋಡುವವರು ಮಾತ್ರ ಬೇಕಾದಷ್ಟಿದ್ದಾರೆ.

ಊರಿನ ಗೌಡ ಮುನಿವೆಂಕಟಪ್ಪ ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಬೆಳೆಯುವ ಪಾಲಿಹೌಸಿನ ಹಿಂದಿದ್ದ ತಗಡಿನ ಶೆಡ್ಡಿಗೂ ಹಾಗೇ ಹೋದಳು. ಅಲ್ಲಿ ಹೂ ಕೊಯ್ಯುವ ಮೊರ್ಜಿನಾ ಹೆತ್ತಿದ್ದಳು. ಬಾಂಗ್ಲಾದೇಶದವಳು, ಕಾಗದಪತ್ರವಿಲ್ಲದೆ ಬಂದವಳು. ಊರಿಗೆಲ್ಲ ಗೊತ್ತು, ಮುನಿವೆಂಕಟಪ್ಪನಿಗೆ ಎಲ್ಲರಿಗಿಂತ ಮೊದಲೇ ಗೊತ್ತು. ಅರ್ಧ ಕೂಲಿಗೆ ಎರಡರಷ್ಟು ದುಡಿಯುವವರು, ಏನೇ ಆದರೂ ಠಾಣೆಯ ಮೆಟ್ಟಿಲು ಹತ್ತಲಾರದವರು ಅವನಿಗೆ ಬೇರೆಲ್ಲಿ ಸಿಗಬೇಕು? ಮೊದಲ ಹೆರಿಗೆಗೆ ಮೊರ್ಜಿನಾ ಕದ್ದು ಗಡಿ ದಾಟಿ ತವರಿಗೆ ಹೋಗಿದ್ದಳು, ಮಗುವನ್ನು ತಾಯಿಯ ಹತ್ತಿರ ಬಿಟ್ಟು ಹಾಗೇ ವಾಪಸು ಬಂದಿದ್ದಳು. ಈಗ ಬೇಲಿ, ಕಾವಲು ಎಲ್ಲ ಬಿಗಿ. ಹೋದರೆ ಮತ್ತೆ ಬರುವಂತಿಲ್ಲ. ಅದಕ್ಕೇ ಈ ಸಲ ಇಲ್ಲೇ ಉಳಿದಳು. ತಾಯಿ ಮಾಡಬೇಕಾದ್ದನ್ನು ನರಸಮ್ಮ ಮಾಡಿದಳು.

ಅವತ್ತು ಹಂಡೆಯ ನೀರು ಕಾದಿತ್ತು, ಮೊರ್ಜಿನಾಳ ಬೆನ್ನಿಗೆ ಎಣ್ಣೆ ತಿಕ್ಕಿಯಾಗಿತ್ತು. ಅಷ್ಟರಲ್ಲಿ ಪೊಲೀಸ್ ವ್ಯಾನು ಬಂತು. ಇಂಥವರಿಗೆ ಜಾಗ ಕೊಟ್ಟವರ ಮೇಲೂ ಕೇಸು ಹಾಕುತ್ತಾರೆಂದು ಸುದ್ದಿ ಹಬ್ಬಿದ್ದೇ ತಡ, ಮುನಿವೆಂಕಟಪ್ಪನೇ ಫೋನ್ ಮಾಡಿ ಕರೆಸಿದ್ದ. ವ್ಯಾನಿನ ಪಕ್ಕ ನಿಂತು, ಇವರು ಯಾರೋ ಏನೋ, ಯಾವಾಗ ಬಂದು ಸೇರಿಕೊಂಡರೋ ಎಂದ. ಅವನ ಗುಲಾಬಿ ಮುಳ್ಳು ಗೀರಿದ ಗಾಯ ಆ ಹೆಣ್ಣಿನ ಎರಡೂ ಕೈಯಲ್ಲಿತ್ತು.

ಹಸಿ ಬಾಣಂತಿ, ಒಂದು ತಿಂಗಳಾದರೂ ಬಿಡಿ ಎಂದು ನರಸಮ್ಮ ಮಹಿಳಾ ಪೇದೆಯ ಕೈ ಹಿಡಿದಳು. ಮೇಲಿನವರ ಆರ್ಡರ್ ಎಂದು ಆಕೆ ಮುಖ ತಿರುಗಿಸಿದಳು. ನೀರು ಹಾಕುವಷ್ಟು ಹೊತ್ತು ಕಾದರು, ಅಷ್ಟೇ. ತವರಿಗೆ ಹೋಗಿ ಬರಲು ಬಿಡದ ಬೇಲಿಯ ಆಚೆಗೆ ಈಗ ಸರ್ಕಾರವೇ ಕರೆದೊಯ್ದು ನೂಕುತ್ತದಂತೆ. ಮೊರ್ಜಿನಾ ಒದ್ದೆ ತಲೆಯಲ್ಲೇ, ಮಗುವನ್ನು ಅವುಚಿಕೊಂಡು ವ್ಯಾನು ಹತ್ತಿದಳು.

ಮುಂದಿನ ವಾರ ಮುನಿವೆಂಕಟಪ್ಪನ ಸೊಸೆ ಸಿಂಚನಳಿಗೆ ಹೆರಿಗೆಯಾಯಿತು. ನರಸಮ್ಮನಿಗೆ ಕರೆ ಬಂತು. ಬಾಗಿಲಲ್ಲೇ ಅವನು ತಡೆದು ನಿಲ್ಲಿಸಿದ.

"ಕೈ ಚೆನ್ನಾಗಿ ತೊಳ್ಕೊಂಡು ಒಳಗ್ಬಾ ನರಸಮ್ಮ. ಎಂತೆಂಥೋರ್ನೋ ಮುಟ್ಟಿದ್ದೀಯ."

ನರಸಮ್ಮ ಕೈ ತೊಳೆದು ಒಳಗೆ ಹೋದಳು. ತಾಯಿಗೂ ಮಗುವಿಗೂ ಎಂದಿನಂತೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮಗುವನ್ನು ಸುತ್ತಿ ಮಲಗಿಸಿದಳು. ಹೊರಗೆ ಬಂದರೆ ಜಗಲಿಯ ಮೇಲೆ ಕಾಫಿ ಇಟ್ಟಿದ್ದರು, ಅವಳಿಗೆಂದೇ ಆ ಮನೆಯವರು ಬೇರೆ ಇಟ್ಟಿದ್ದ ಲೋಟದಲ್ಲಿ. ಅವಳು ಅದನ್ನು ಮುಟ್ಟಲಿಲ್ಲ.

"ನಾಳೇನೂ ಬರ್ತೀನಿ ಗೌಡ್ರೆ, ಮಗೂದೇನ್ ತಪ್ಪೈತೆ. ಆದ್ರೆ ನಿಮ್ಮನೇಲಿ ಇನ್ನು ಒಂದು ತೊಟ್ಟು ನೀರೂ ಕುಡಿಯಲ್ಲ. ನಂಗೆ ಅಸಹ್ಯ ಆಯ್ತದೆ."