ಮಾವನ ಏಣಿ ತಪ್ಪಿಸಿದ ಪುಟ್ಟ ಪೆಟ್ಟಿಗೆ

ಬಣ್ಣ ತೆಳುವಾಗಿಸುವ ಥಿನ್ನರ್ ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಮೀಟರಕ್ಕ. ಟ್ಯಾಂಕುಗಳ ಮೇಲೆ ಕೂತ ಅಳತೆ ಉಪಕರಣಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಕೆಲಸದ ದಾರಿ ತೋರಿಸಿದವರು ಅಲ್ಲೇ ಟ್ಯಾಂಕ್ ಆಪರೇಟರ್ ಆಗಿದ್ದ ಮಾವ, ಅವಳ ಗಂಡನ ತಂದೆ. ಮದುವೆಯಾದಾಗ ಅವಳ ತಾಂತ್ರಿಕ ಕೋರ್ಸು ಅರ್ಧಕ್ಕೇ ನಿಂತಿತ್ತು, ಆಮೇಲೆ ಮಗುವೂ ಆಯಿತು. "ಅಷ್ಟು ಓದಿ ಬಿಟ್ಟುಬಿಟ್ರೆ ಹೇಗಮ್ಮಾ? ಮಗೂನ ನಾನು ನೋಡ್ಕೋತೀನಿ, ನೀನು ಹೋಗು" ಎಂದು ಮಾವನೇ ಪಟ್ಟು ಹಿಡಿದರು. ಪರೀಕ್ಷೆಯ ದಿನ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವರು ಹೊರಗೆ ಓಡಾಡುತ್ತಿದ್ದುದು ಕಿಟಕಿಯಿಂದ ಅವಳಿಗೆ ಕಾಣುತ್ತಿತ್ತು.

ಟ್ಯಾಂಕುಗಳಿರುವ ಅಂಗಳದ ಗಾಳಿಯಲ್ಲೇ ಉರಿಯುವ ಆವಿ. ಒಂದು ಕಿಡಿ ಹಾರಿದರೆ ಮುಗಿಯಿತು. ಮೊಬೈಲನ್ನೂ ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು. ಪ್ರತಿ ಟ್ಯಾಂಕಿನ ನೆತ್ತಿಯಲ್ಲೂ ಒಂದು ಟ್ರಾನ್ಸ್‌ಮಿಟರ್. ಒಳಗೆ ಎಷ್ಟು ದ್ರವವಿದೆ ಎಂಬುದನ್ನು ಅದು ಎರಡು ತಂತಿಗಳಲ್ಲಿ ಹರಿಯುವ ಸಣ್ಣ ಕರೆಂಟಿನ ಮೂಲಕ ಕಂಟ್ರೋಲ್ ರೂಮಿಗೆ ತಿಳಿಸುತ್ತದೆ. ಕೊನೆಯ ಟ್ಯಾಂಕಿನದು ಮಾತ್ರ ಪಂಪು ಶುರುವಾದೊಡನೆ ತಲೆಕೆಟ್ಟಂತೆ ಆಡುತ್ತಿತ್ತು. ಪರದೆಯ ಮೇಲೆ ಅಂಕಿಗಳು ಕುಣಿಯುತ್ತಿದ್ದವು. ನಂಬಿಕೆ ಬಾರದೆ ಮಾವ ಅಳತೆಕೋಲು ಹಿಡಿದು ಏಣಿ ಹತ್ತುತ್ತಿದ್ದರು.

ಸುಡುಬಿಸಿಲಿನ ಒಂದು ಮಧ್ಯಾಹ್ನ ಮುಚ್ಚಳ ತೆರೆದಾಗ ಆವಿ ಮುಖಕ್ಕೇ ಬಡಿದು ಅವರಿಗೆ ಕಣ್ಣು ಕತ್ತಲಿಟ್ಟಿತು. ಏಣಿಗೆ ಸಿಕ್ಕಿಸಿದ್ದ ಸೊಂಟದ ಬೆಲ್ಟು ಅವರನ್ನು ಬೀಳದಂತೆ ಹಿಡಿದುಕೊಂಡಿತು. ಜೊತೆಯವರಿಬ್ಬರು ಹತ್ತಿ ಕೆಳಗಿಳಿಸಿದರು. ಸುದ್ದಿ ಕೇಳಿ ಎದ್ದುಬಿದ್ದು ಓಡಿ ಬಂದ ಸೊಸೆಗೆ ಮಾವ ಬೆಂಚಿನ ಮೇಲೆ ಮಲಗಿಕೊಂಡೇ ಹೇಳಿದರು: "ಏನಿಲ್ಲಮ್ಮಾ, ಆಕಾಶ ಸ್ವಲ್ಪ ಹತ್ರ ಬಂದಿತ್ತು, ಅಷ್ಟೇ."

ನಗುತ್ತಲೇ ಅವಳಿಗೆ ಅಳು ಬಂತು.

ಮರುದಿನ ಅವಳು ಎಂಜಿನಿಯರ್ ಮೇಡಂ ಎದುರು ನಿಂತಳು. "ಮೇಡಂ, ಪಂಪಿನ ಕಡೆಯಿಂದ ಬೇಡದ ಕರೆಂಟು ನಮ್ಮ ತಂತಿಗೆ ಸೇರ್ಕೊಳ್ತಿದೆ."

"ನನಗೂ ಅದೇ ಅನುಮಾನ. ಐಸೊಲೇಟರ್ ಹಾಕಿ ನೋಡೋಣ."

ಸಾಬೂನಿನಷ್ಟು ದೊಡ್ಡ ಪೆಟ್ಟಿಗೆ ಅದು. ಒಂದು ಕಡೆಯ ತಂತಿಗೂ ಇನ್ನೊಂದು ಕಡೆಯ ತಂತಿಗೂ ನೇರ ಸಂಬಂಧ ಕಡಿದು, ಅಳತೆಯ ಸುದ್ದಿಯನ್ನಷ್ಟೇ ದಾಟಿಸುತ್ತದೆ. ಬೇರೆ ಕರೆಂಟು ಕೇಳುವುದಿಲ್ಲ. ಆ ಎರಡು ತಂತಿಗಳಿಂದಲೇ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತದೆ. ಆವಿಯಿರುವ ಜಾಗದ ಉಪಕರಣಗಳ ಜೊತೆ ಬಳಸಬಹುದೆಂದು ಪರೀಕ್ಷೆಯಾದದ್ದನ್ನೇ ಮೇಡಂ ಹುಡುಕಿ ತರಿಸಿದರು.

ಹಾಕಿದ ಮೇಲೆ ಕುಣಿತವೇನೋ ನಿಂತಿತು. ಆದರೆ ಟ್ಯಾಂಕು ತುಂಬುತ್ತ ಬಂದಂತೆ ಅಂಕಿ ಒಂದು ಕಡೆ ಸಿಕ್ಕಿಕೊಂಡು ಮೇಲೇರಲಿಲ್ಲ. ಪೆಟ್ಟಿಗೆ ತನ್ನ ಪಾಲು ತೆಗೆದುಕೊಂಡ ಮೇಲೆ ಟ್ರಾನ್ಸ್‌ಮಿಟರಿಗೆ ವೋಲ್ಟೇಜು ಸಾಲುತ್ತಿರಲಿಲ್ಲ. ಮೀಟರಕ್ಕ, ಮೇಡಂ ಇಬ್ಬರೂ ತಲೆ ಮೇಲೆ ಕೈ ಹೊತ್ತು ಕೂತರು.

ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಏಣಿ ಬುಡದಲ್ಲಿ ಒಂದು ಹಳೇ ಮೀಟರ್ ಇದೆಯಲ್ಲಮ್ಮಾ, ಗಾಜೆಲ್ಲ ಮಸುಕಾಗಿ ಯಾರೂ ನೋಡಲ್ಲ. ಅದೂ ಈ ತಂತಿಗಳಲ್ಲೇ ಪಾಲು ಕೇಳುತ್ತಾ?"

"ಅಯ್ಯೋ ಮಾವಾ!" ಅವಳು ಹಣೆ ಚಚ್ಚಿಕೊಂಡಳು. "ಕೇಳುತ್ತೆ!"

ಅನುಮತಿ ಪಡೆದು, ಕರೆಂಟು ತೆಗೆಸಿ, ಆ ಮೀಟರನ್ನು ಬಿಚ್ಚಿ ತಂತಿಗಳನ್ನು ನೇರವಾಗಿ ಜೋಡಿಸಿದರು. ಈ ಸಲ ಅಂಕಿ ತುಂಬಿದ ಟ್ಯಾಂಕಿನ ಕೊನೆಯವರೆಗೂ ಸರಾಗವಾಗಿ ಏರಿತು. ಮಾಸ್ಕು ಹಾಕಿಕೊಂಡ ಜೊತೆಗಾರನೊಬ್ಬ ಮೇಲೆ ಹತ್ತಿ ಕೋಲು ಇಳಿಸಿ ನೋಡಿದ. ಎರಡೂ ಅಳತೆ ಒಂದೇ. ಅಂದಿನಿಂದ ಮಾವ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತೇ ಟ್ಯಾಂಕು ತುಂಬಿಸತೊಡಗಿದರು. "ನನ್ನ ಮಂಡಿ ಉಳಿಸಿದೆ ಕಣಮ್ಮಾ" ಎಂದು ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಹೇಳುವರು.

"ನನ್ನ ಓದು ಉಳಿಸಿದ್ದು ಯಾರು ಮಾವಾ?" ಎನ್ನುವಳು ಅವಳು.

ನಿವೃತ್ತಿಯ ದಿನ ಮಾವನ ಕೈಗೆ ಮೈಕು ಬಂತು. ತಮ್ಮನ್ನು ಕೆಳಗಿಳಿಸಿದ ಇಬ್ಬರನ್ನು, ಮೇಡಂ ಅವರನ್ನು ನೆನೆದರು. ಸೊಸೆಯ ಸರದಿ ಬಂದಾಗ ಮೈಕನ್ನು ಅವಳ ಕೈಗೇ ಕೊಟ್ಟು ಕೂತುಬಿಟ್ಟರು. ಅವಳು ಮೈಕನ್ನು ಪಕ್ಕಕ್ಕಿಟ್ಟು ಮಾವನ ಕಾಲಿಗೆ ನಮಸ್ಕರಿಸಿದಳು. ಇಬ್ಬರನ್ನೂ ನೋಡಿ ಜನ ಚಪ್ಪಾಳೆ ತಟ್ಟಿದರು.